ಕೊರಡು ಮಾರಿದವರು ಎಣ್ಣೆ ಕಂಡದ್ದು

ಶ್ರೀಗಂಧದ ಮರವನ್ನು ಬುಡಕ್ಕೆ ಕಡಿಯುವುದಿಲ್ಲ, ಬೇರುಸಮೇತ ಅಗೆದು ತೆಗೆಯುತ್ತಾರೆ. ಎಣ್ಣೆ ಹೆಚ್ಚಿರುವುದೇ ಬೇರಿನಲ್ಲಿ. ಮಲೆನಾಡಿನ ಕೂಲಿಯಾಳಿಗೂ ಗೊತ್ತಿದ್ದ ಸಂಗತಿ ಇದು. ಆದರೆ ಆ ಎಣ್ಣೆಯನ್ನು ಕಾರ್ಖಾನೆಯ ಮಟ್ಟದಲ್ಲಿ ಹೊರಗೆಳೆಯುವ ವಿದ್ಯೆ ಮೈಸೂರು ಸಂಸ್ಥಾನಕ್ಕೆ ಒದಗಿದ್ದು ಯುದ್ಧವೊಂದು ಬಂದ ಮೇಲೆಯೇ.

ಆ ಯುದ್ಧಕ್ಕೆ ಮುಂಚೆ ಮಲೆನಾಡಿನ ಸೀಮೆಯಿಂದ ಕಡಲಾಚೆ ಹೋಗುತ್ತಿದ್ದದ್ದು ಗಂಧದ ಕೊರಡು. ಕಾಡಿನಿಂದ ಬಂದ ಮರ ಸರ್ಕಾರದ ಗಂಧದ ಕೋಠಿ ಸೇರುತ್ತಿತ್ತು. ಅಲ್ಲಿ ಹೊರಗಿನ ಬಿಳಿ ಮರವನ್ನು ಕೆತ್ತಿ, ಒಳಗಿನ ಚೇಗನ್ನು ಉಳಿಸಿ, ಕೊರಡು, ಬೇರು, ಚಕ್ಕೆ, ಹುಡಿ ಎಂದು ಬೇರೆ ಬೇರೆ ಮಾಡಿ ಹರಾಜು ಹಾಕುತ್ತಿದ್ದರು. ದೊಡ್ಡ ಗಿರಾಕಿ ಜರ್ಮನಿ. ನಾವು ಮರ ಮಾರಿದೆವು, ಅವರು ಅದರಿಂದ ಎಣ್ಣೆ ಬಟ್ಟಿ ಇಳಿಸಿ ಲಾಭ ಮಾಡಿಕೊಂಡರು. ಬೊಕ್ಕಸಕ್ಕೆ ಹಣ ಬರುತ್ತಿದ್ದುದರಿಂದ ಇದು ಯಾರನ್ನೂ ಅಷ್ಟಾಗಿ ಕಾಡಿರಲಿಲ್ಲ.

1914ರ ಆಗಸ್ಟ್‌ನಲ್ಲಿ ಮಹಾಯುದ್ಧ ಶುರುವಾಯಿತು. ಜರ್ಮನಿಯ ದಾರಿ ಮುಚ್ಚಿತು, ಕೊರಡು ಕೋಠಿಯಲ್ಲೇ ಉಳಿಯಿತು. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ, ಕೈಗಾರಿಕಾ ಇಲಾಖೆಯ ಮುಖ್ಯಸ್ಥರು ಆಲ್ಫ್ರೆಡ್ ಚಾಟರ್ಟನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ, ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಗಂಧವನ್ನು ಬಟ್ಟಿ ಇಳಿಸುವ ಪ್ರಯೋಗಕ್ಕೆ ಕೂತರು.

ಕೇಳಲು ಸುಲಭ: ಚೇಗನ್ನು ಪುಡಿಮಾಡಿ ಹಂಡೆಗೆ ತುಂಬು, ಆವಿ ಹಾಯಿಸು, ತಣ್ಣಗಾಗಿಸು. ಆದರೆ ಗಂಧದೆಣ್ಣೆ ಜಿಗುಟು ಸ್ವಭಾವದ್ದು, ಬೇಗ ಆವಿಯಾಗುವುದಿಲ್ಲ. ಒಂದು ಹಂಡೆ ಮುಗಿಯಲು ಗಂಟೆಗಳಲ್ಲ, ದಿನಗಳೇ ಬೇಕು. ಇಳಿದ ಎಣ್ಣೆಗೆ ನೀರಿಗಿಂತ ಕೂದಲೆಳೆಯಷ್ಟೇ ಕಡಿಮೆ ತೂಕ, ಹಾಗಾಗಿ ನೀರನ್ನು ಬಿಟ್ಟು ಮೇಲೆ ಬರಲೂ ಅದಕ್ಕೆ ಸಾವಕಾಶ. ಅವಸರ ಮಾಡಿದರೆ ಎಣ್ಣೆ ನೀರಿನ ಜೊತೆ ಹರಿದುಹೋಗುತ್ತದೆ. ನೂರು ಕಿಲೋ ಒಳ್ಳೆಯ ಚೇಗಿನಿಂದ ಸಿಗುವುದು ಐದಾರು ಕಿಲೋ ಎಣ್ಣೆ. ಯಂತ್ರವನ್ನು ಯಾರಾದರೂ ಕೊಂಡು ತರಬಹುದು. ಆವಿಯನ್ನು ಯಾವಾಗ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಹದ ಹಂಡೆಯ ಮುಂದೆ ನಿಂತವನಿಗೇ ದಕ್ಕಬೇಕು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆಯ ಎಣ್ಣೆ ಇಳಿಯಿತು, ಮರುವರ್ಷ ಮೈಸೂರಿನಲ್ಲೂ.

ಸಾಬೂನು ಇದರ ಮರಿ. ಗಂಧದೆಣ್ಣೆಯಿಂದ ಮಾಡಿದ ವಿದೇಶಿ ಸಾಬೂನು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಉಡುಗೊರೆಯಾಗಿ ಬಂತು, ಅದನ್ನು ಕಂಡು ನಮ್ಮಲ್ಲೇ ಏಕಾಗಬಾರದು ಎಂದರು ಎಂಬ ಮಾತುಂಟು. ಕೆಲಸ ಬಿದ್ದದ್ದು ಸೋಸಲೆ ಗರಳಪುರಿ ಶಾಸ್ತ್ರಿಗಳ ಮೇಲೆ. ಇಂಗ್ಲೆಂಡಿನಲ್ಲಿ ಸಾಬೂನಿನ ವಿದ್ಯೆ ಕಲಿತು ಬಂದ ಅವರಿಗೆ ಜನ ‘ಸೋಪ್ ಶಾಸ್ತ್ರಿ’ ಎಂದೇ ಹೆಸರಿಟ್ಟರು. ಗಂಧದ ಪರಿಮಳ ಮೂಗಿಗೆ ಥಟ್ಟನೆ ಬಡಿಯುವಂಥದ್ದಲ್ಲ, ನಿಧಾನವಾಗಿ ಅರಳಿ ಬಹಳ ಹೊತ್ತು ನಿಲ್ಲುವಂಥದ್ದು. ಮೊದಲ ಘಮಕ್ಕೆ ಬೇರೆ ಎಣ್ಣೆಗಳ ಒತ್ತಾಸೆ ಬೇಕು, ಆದರೆ ಅವು ಗಂಧವನ್ನು ಮುಚ್ಚಬಾರದು. 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆ ಶುರುವಾಯಿತು. ಮೊಟ್ಟೆಯಾಕಾರದ ಬಿಲ್ಲೆ, ಒಡವೆಪೆಟ್ಟಿಗೆಯಂಥ ಡಬ್ಬಿ, ಮೇಲೆ ಆನೆಯ ತಲೆಯ, ಸಿಂಹದ ಮೈಯ ಶರಭ. ಇವನ್ನು ಬದಲಿಸದೆ ಉಳಿಸಿಕೊಂಡದ್ದು ನನ್ನ ಲೆಕ್ಕದಲ್ಲಿ ಎಣ್ಣೆ ಇಳಿಸಿದಷ್ಟೇ ದೊಡ್ಡ ಕಸುಬು.

ಶಿವಮೊಗ್ಗಕ್ಕೆ ಎಣ್ಣೆ ಕಾರ್ಖಾನೆ ಬಂದದ್ದು 1944ರಲ್ಲಿ. ಕೊರಡು ಹುಟ್ಟುವ ಊರಿಗೇ ಹಂಡೆ ಬಂದಂತಾಯಿತು. 1980ರಲ್ಲಿ ಗಂಧದೆಣ್ಣೆ, ಸಾಬೂನು ಎರಡೂ ಒಂದೇ ಸರ್ಕಾರಿ ಕಂಪನಿಯಾದವು. 2006ರಲ್ಲಿ ಸಾಬೂನಿಗೆ ಭೌಗೋಳಿಕ ಗುರುತು ದೊರೆಯಿತು.

ಎಡವಿದ್ದು ಮರದ ವಿಷಯದಲ್ಲಿ. ಟಿಪ್ಪುವಿನ ಕಾಲದಿಂದ ಗಂಧ ರಾಜವೃಕ್ಷ. ರೈತನ ಹೊಲದಲ್ಲೇ ಹುಟ್ಟಿದರೂ ಅದು ಅವನದಾಗಿರಲಿಲ್ಲ. ತನ್ನದಲ್ಲದ ಮರಕ್ಕೆ ಯಾರು ನೀರೆರೆದಾರು? ಕಳ್ಳರು ಮಾತ್ರ ಅದನ್ನು ತಮ್ಮದೆಂದುಕೊಂಡರು. ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯಲ್ಲಿ ಮಾಲೀಕತ್ವ ನೆಲದ ಒಡೆಯನಿಗೆ ಬರುವ ಹೊತ್ತಿಗೆ ಕಾಡು ಬರಿದಾಗಿತ್ತು.

ಈಗ ನೆಡುವವರಿದ್ದಾರೆ. ನೀವೂ ನೆಡುವುದಾದರೆ ಸಸಿಯ ಮಗ್ಗುಲಿಗೆ ನಾಲ್ಕು ತೊಗರಿ ಬೀಜ ಹಾಕಿ. ಗಂಧದ ಬೇರು ನೆರೆಗಿಡದ ಬೇರಿಗೆ ಬಾಯಿ ಹಾಕಿ ಬದುಕುವಂಥದ್ದು. ಒಂಟಿಯಾಗಿ ನೆಟ್ಟರೆ ಅದು ಏಳುವುದಿಲ್ಲ.