ಬಾಗಿಲು ಮೂಲೆಯಲ್ಲೇ ಯಾಕಿದೆ?

ಪಾರಂಪರಿಕ ಕಟ್ಟಡ ಅಂದ ಕೂಡಲೇ ನಮ್ಮ ತಲೆಗೆ ಬರೋದು ಅರಮನೆ, ಕೋಟೆ, ಗುಡಿ. ನೂರು ವರ್ಷಕ್ಕೂ ಹೆಚ್ಚು ಕಾಲ ಸಕ್ಕರೆ, ಸಾಬೂನು, ಬೆಂಕಿಪೊಟ್ಟಣ ಮಾರಿದ ಒಂದು ಸಾದಾ ಇಟ್ಟಿಗೆ ಅಂಗಡಿಗೆ ಆ ಮರ್ಯಾದೆ ಕೊಡಬಹುದಾ? ಕೊಡಬೇಕು ಅನ್ನೋದು ನನ್ನ ವಾದ.

ನಾನು ಕೆಲಸಕ್ಕೆ ಬಂದು ನೆಲೆಸಿರೋದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಇಲ್ಲಿನ ಹಳೇ ಬಡಾವಣೆಗಳು ವಿಕ್ಟೋರಿಯಾ ರಾಣಿಯ ಕಾಲದವು. ಕಾರ್ಖಾನೆ ಕೆಲಸಕ್ಕೆ ಜನ ಬಂದಂತೆ ಒಂದಕ್ಕೊಂದು ಅಂಟಿದ ಸಾಲುಮನೆಗಳು ಎದ್ದವು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ನಂತರ ರಸ್ತೆ, ಚರಂಡಿ, ಗಾಳಿ-ಬೆಳಕಿಗೆಲ್ಲ ನಿಯಮ ಬಂದು, ಬೀದಿಗಳು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಾದವು.

ಎರಡು ಬೀದಿ ಕೂಡುವ ಮೂಲೆಯ ಸೈಟು ಅಂಗಡಿಗೆ. ಗೋಡೆಯ ಮೂಲೆಯನ್ನು ಓರೆಯಾಗಿ ಕತ್ತರಿಸಿ ಅಲ್ಲೇ ಬಾಗಿಲು, ಎರಡೂ ಬೀದಿಗೆ ಒಂದೊಂದು ದೊಡ್ಡ ಕಿಟಕಿ. ಯಾವ ಬೀದಿಯಿಂದ ಬಂದರೂ ಅಂಗಡಿ ಕಾಣಬೇಕು. ಗಾಜಿನ ಮೇಲಿನ ತೆರಿಗೆ 1845ರಲ್ಲೇ ಹೋಗಿದ್ದರಿಂದ ದೊಡ್ಡ ಗಾಜು ಸಣ್ಣ ವ್ಯಾಪಾರಿಯ ಕೈಗೂ ಎಟುಕಿತ್ತು. ಮೇಲೆ ಅಂಗಡಿಯವರ ಮನೆ.

ಆಗ ಫ್ರಿಜ್ ಇಲ್ಲ, ಕೂಲಿ ಸಿಗೋದು ವಾರಕ್ಕೊಮ್ಮೆ. ಹಾಗಾಗಿ ದಿನಾ ಸ್ವಲ್ಪ ಸ್ವಲ್ಪ ಕೊಳ್ಳಬೇಕು, ಕೈಯಲ್ಲಿ ಕಾಸಿಲ್ಲದಿದ್ರೆ ಉದ್ರಿ ಬರೆಸಬೇಕು. ಅಂದರೆ ಆ ಬಾಗಿಲು, ಆ ಕಿಟಕಿ ಬರೀ ಅಲಂಕಾರವಲ್ಲ. ಒಂದು ಬೀದಿ ಹೇಗೆ ಬದುಕುತ್ತಿತ್ತು ಅನ್ನೋದಕ್ಕೆ ಅವು ಸಾಕ್ಷಿ.

ಕಥೆ ಅಲ್ಲಿಗೇ ನಿಲ್ಲಲ್ಲ. ತಯಾರಕರು ಹೇಳಿದ ಬೆಲೆಗೇ ಮಾರಬೇಕು ಎಂಬ ಪದ್ಧತಿಗೆ 1964ರ ಕಾಯ್ದೆ ಕಡಿವಾಣ ಹಾಕಿತು. ಸೂಪರ್‌ಮಾರ್ಕೆಟ್‌ಗಳು ಬೆಲೆ ಇಳಿಸಿದವು, ಮೂಲೆ ಅಂಗಡಿಗಳು ಸೊರಗಿದವು. 1972ರಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆ ದೇಶ ಬಿಡಲು 90 ದಿನ ಗಡುವು ಕೊಟ್ಟ. ಆಗ ಲೆಸ್ಟರ್‌ನ ಕೌನ್ಸಿಲ್, ‘ಉಗಾಂಡಾ ಆರ್ಗಸ್’ ಪತ್ರಿಕೆಯಲ್ಲಿ ‘ಇಲ್ಲಿಗೆ ಬರಬೇಡಿ’ ಎನ್ನುವ ಅರ್ಥದ ಜಾಹೀರಾತನ್ನೇ ಹಾಕಿಸಿತ್ತು! ಆದರೂ ಸಾವಿರಾರು ಜನ ಬಂದರು. ಅವರಲ್ಲಿ ಕೆಲವರು ಇಂಥ ಅಂಗಡಿಗಳನ್ನು ಕೊಂಡು, ಮನೆಮಂದಿಯೆಲ್ಲ ಬೆಳಗಿಂದ ರಾತ್ರಿವರೆಗೆ ದುಡಿದು ಮತ್ತೆ ನಡೆಸಿದರು. ಬೇಡ ಅಂದ ಊರಿಗೇ ಹಾಲು, ಬ್ರೆಡ್ಡು ಕೊಟ್ಟವರು ಇವರು.

ಈಗ ನಮ್ಮ ಬೀದಿಯ ಮೂಲೆ ಅಂಗಡಿ ಮುಚ್ಚಿದೆ. ಅದನ್ನು ಫ್ಲ್ಯಾಟ್ ಮಾಡುವ ಅರ್ಜಿಯ ನೋಟಿಸು ಲೈಟುಕಂಬದ ಮೇಲಿದೆ. ಮೂಲೆ ಬಾಗಿಲಿಗೆ ಇಟ್ಟಿಗೆ ಕಟ್ಟಿ, ದೊಡ್ಡ ಕಿಟಕಿ ತೆಗೆದು ಚಿಕ್ಕದು ಇಡ್ತಾರಂತೆ.

ಕಾನೂನು ಕಾಪಾಡಲ್ವಾ ಅಂತ ನೀವು ಕೇಳಬಹುದು. ಇಂಗ್ಲೆಂಡಿನ ರಾಷ್ಟ್ರೀಯ ಸಂರಕ್ಷಿತ ಪಟ್ಟಿಯಲ್ಲಿ 1850ರ ನಂತರದ ಕಟ್ಟಡಗಳ ಆಯ್ಕೆ ಬಿಗಿ, ಯಾಕಂದ್ರೆ ಅಂಥವು ಬಹಳ ಉಳಿದಿವೆ. ಸಾಮಾನ್ಯವಾಗಿರೋದೇ ಇವುಗಳ ಗುಣ, ಅದೇ ಇವುಗಳ ದೋಷ! ಒಂದೊಂದಾಗಿ ಕಳೆದುಕೊಂಡ ಮೇಲೆ ಉಳಿದದ್ದು ಅಪರೂಪವಾಗುತ್ತೆ, ಆಗ ಪಟ್ಟಿಗೆ ಸೇರಿಸೋದಾ?

ಆದರೂ ದಾರಿ ಇದೆ. ಸ್ಥಳೀಯ ಕೌನ್ಸಿಲ್‌ಗಳು ತಮ್ಮದೇ ಪಟ್ಟಿ ಮಾಡಬಹುದು. 1967ರಿಂದ ಇಡೀ ಬಡಾವಣೆಯನ್ನೇ ಸಂರಕ್ಷಿತ ಪ್ರದೇಶ ಅಂತ ಗುರುತಿಸಲೂ ಅವಕಾಶವಿದೆ. 2021ರಿಂದ ಎಷ್ಟೋ ಅಂಗಡಿಗಳನ್ನು ಮನೆಯಾಗಿ ಬದಲಿಸೋದು ಸುಲಭವಾಗಿದೆ, ಆದರೆ ಹೊರಗಿನ ರೂಪ ಬದಲಿಸೋಕೆ ಬೇರೆ ಅನುಮತಿ ಬೇಕು. ಅಕ್ಕಪಕ್ಕದವರ ಮಾತಿಗೆ ಬೆಲೆ ಇರೋದು ಅಲ್ಲೇ.

ಮನೆಗಳ ಕೊರತೆ ಇದೆ, ಒಪ್ಪುತ್ತೇನೆ. ನಷ್ಟದಲ್ಲಿ ಅಂಗಡಿ ನಡೆಸಿ ಅಂತ ಯಾರಿಗೂ ಹೇಳೋಕಾಗಲ್ಲ. ಅದಕ್ಕೇ ನನ್ನ ಆಕ್ಷೇಪಣೆಯಲ್ಲಿ ಕೇಳಿದ್ದು ಇಷ್ಟೇ: ಒಳಗೆ ಮನೆ ಮಾಡಿ; ಮೂಲೆ ಬಾಗಿಲು, ದೊಡ್ಡ ಕಿಟಕಿ, ಬೋರ್ಡಿನ ಪಟ್ಟಿ ಉಳಿಸಿ. ಯಾಕೆ ಹಾಗೆ ಬರೆದಿದ್ದಾರೆ ಅಂತ ತಿಳಿಯದೆ ಹಳೇ ಕೋಡ್ ಅಳಿಸಬಾರದು ಅನ್ನೋದು ನಮ್ಮ ವೃತ್ತಿಯ ಪಾಠ. ಗೋಡೆಗೂ ಅದು ಸಲ್ಲುತ್ತೆ.

ಬಾಗಿಲು ಉಳಿದರೆ ನಾಳೆ ಅಲ್ಲಿ ಮತ್ತೆ ಅಂಗಡಿಯೋ, ಕೆಫೆಯೋ ಬರಬಹುದು. ಇಟ್ಟಿಗೆ ಕಟ್ಟಿಬಿಟ್ಟರೆ ಅದು ಇನ್ನೊಂದು ಮನೆ ಅಷ್ಟೇ. ಅಲ್ಲಿ ಯಾರು ದುಡಿದರು, ಯಾರು ಉದ್ರಿ ಬರೆಸಿದರು ಅಂತ ಕೇಳುವ ಪ್ರಶ್ನೆಯೇ ಮುಂದಿನವರಿಗೆ ಹೊಳೆಯೋದಿಲ್ಲ.