ಹಳೆಯ ಕಾವುಪೆಟ್ಟಿಗೆಗೆ ಮರುಜೀವ: ಮಲೆನಾಡಿನಲ್ಲಿ ನೀರಿನ ತಟ್ಟೆಯೇ ಮುಖ್ಯ

ಶಿವಮೊಗ್ಗ: ಹಿತ್ತಲಿನ ನಾಟಿಕೋಳಿ ತಾನೇ ಕಾವು ಕೂತು ಮರಿ ಮಾಡುತ್ತದೆ. ಆದರೆ 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ ಗಿರಿರಾಜದಂತಹ ತಳಿಗಳಲ್ಲಿ ಕಾವು ಕೂರುವ ಗುಣ ಬಹಳ ಕಡಿಮೆ. ಆದ್ದರಿಂದ ಅಟ್ಟದಲ್ಲೋ ಗುಜರಿಯಲ್ಲೋ ಮರದ ಹಳೆಯ ಕಾವುಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರ್ ದೊರೆತರೆ ಅದನ್ನು ಎಸೆಯಬೇಕಾಗಿಲ್ಲ.

ಉಳಿಸಿಕೊಳ್ಳಬೇಕಾದದ್ದು ದಪ್ಪ ಹಲಗೆಯ ಪೆಟ್ಟಿಗೆಯನ್ನು ಮಾತ್ರ. ಸೀಮೆಎಣ್ಣೆ ದೀಪ, ಬಟ್ಟೆ ಸುತ್ತಿದ ವೈರು, ಪಾದರಸದ ಉಪಕರಣಗಳನ್ನು ಬದಲಿಸುವುದು ಅತ್ಯಗತ್ಯ. ದೀಪದ ಬಳಿ ಬೂದುಬಣ್ಣದ ಹಲಗೆಯಿದ್ದರೆ ಅದು ಕಲ್ನಾರು ಆಗಿರುವ ಸಾಧ್ಯತೆಯುಂಟು; ಅದನ್ನು ಕೆರೆಯುವುದಾಗಲಿ ಉಜ್ಜುವುದಾಗಲಿ ಕೂಡದು, ಅಂತಹ ಪೆಟ್ಟಿಗೆಯನ್ನು ಕೈಬಿಡುವುದೇ ಲೇಸು. ಬಾಗಿಲಿನ ತಿರುಗಣೆ, ತಟ್ಟೆಯ ಕಂಬಿ ಮುರಿದಿದ್ದರೆ ಚಿಂತಿಸಬೇಕಿಲ್ಲ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯಲ್ಲಿ ಲೇತ್ ಕೆಲಸ ಬಲ್ಲವರಿಗೆ ಬರವಿಲ್ಲ.

ಹಳೆಯ ಪೆಟ್ಟಿಗೆಗಳಲ್ಲಿ ಈಥರ್ ತುಂಬಿದ ಲೋಹದ ಬಿಲ್ಲೆಯು ಕಾವಿಗೆ ಉಬ್ಬಿ, ಬಿಸಿಗಾಳಿಯ ಮುಚ್ಚಳವನ್ನು ಎತ್ತುತ್ತಿತ್ತು. ಸೊಗಸಾದ ಉಪಾಯವೇ ಸರಿ. ಆದರೆ ಬಿಲ್ಲೆ ಸೋರಿದ್ದರೆ ಪ್ರಯೋಜನವಿಲ್ಲ. ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಥರ್ಮೋಸ್ಟಾಟ್ ಹಾಗೂ ಸಣ್ಣ ಫ್ಯಾನ್ ಅಳವಡಿಸಿದರೆ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್ ಕಾವು ಸ್ಥಿರವಾಗಿರುತ್ತದೆ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನೊಂದಿಗೆ ತಾಳೆ ನೋಡಿ, ಮೊಟ್ಟೆಯಿಡದೆ ಎರಡು ದಿನ ನಡೆಸಿ ಪರೀಕ್ಷಿಸಬೇಕು.

ಇನ್ನು ತೇವದ ಮಾತು. ಚಳಿದೇಶಗಳಿಗಾಗಿ ಬರೆದ ಕೈಪಿಡಿಗಳನ್ನು ಅನುಸರಿಸಿ ತಟ್ಟೆ ತುಂಬ ನೀರಿಡುವವರು ಎಡವುವುದು ಇಲ್ಲಿಯೇ. ಗಾಳಿ ಬಿಸಿಯಾದಂತೆ ಅದರ ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ. ಚಳಿಗಾಲದ ಒಣಗಾಳಿಯು ಪೆಟ್ಟಿಗೆಯಲ್ಲಿ ಶೇ. 20ರ ಆಸುಪಾಸಿಗೆ ಕುಸಿಯಬಹುದು. ಆದರೆ ಮಳೆಗಾಲದ 24 ಡಿಗ್ರಿಯ, ಶೇ. 90 ಆರ್ದ್ರತೆಯ ಗಾಳಿಯು ಕಾವಿಗೇರಿದ ಬಳಿಕವೂ ಶೇ. 40ರಷ್ಟು ತೇವ ಉಳಿಸಿಕೊಂಡಿರುತ್ತದೆ. ಮೊದಲ 18 ದಿನಗಳಿಗೆ ಬೇಕಾದದ್ದು ಶೇ. 50ರ ಸುಮಾರು. ಆದ್ದರಿಂದ ಆಷಾಢದಲ್ಲಿ ಚಿಕ್ಕ ಬಟ್ಟಲು ನೀರು ಸಾಕು. ತೇವ ಹೆಚ್ಚಾದರೆ ಮೊಟ್ಟೆಯೊಳಗಿನ ಗಾಳಿಗೂಡು ಬೆಳೆಯದೆ, ಪೂರ್ತಿ ಬಲಿತ ಮರಿ ಹೊರಬರುವ ಮುನ್ನವೇ ಉಸಿರುಗಟ್ಟಿ ಸಾಯುತ್ತದೆ. ಮೂರು ವಾರ ಕಾದವರಿಗೆ ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ.

ಇದನ್ನು ತಿಳಿಯಲು ಅಡುಗೆಮನೆಯ ತಕ್ಕಡಿಯೇ ಸಾಕು. 18ನೇ ದಿನಕ್ಕೆ ಮೊಟ್ಟೆಗಳ ತೂಕ ಶೇ. 11ರಿಂದ 14ರಷ್ಟು ಇಳಿದಿರಬೇಕು. ಅಂದರೆ 500 ಗ್ರಾಂ ತೂಗಿದ ಹತ್ತು ಮೊಟ್ಟೆಗಳು ಸುಮಾರು 440 ಗ್ರಾಂ ತೂಗಬೇಕು. ಇಳಿಕೆ ಕಡಿಮೆಯೆನಿಸಿದರೆ ನೀರು ತೆಗೆದು ಗಾಳಿರಂಧ್ರ ತೆರೆಯಬೇಕು.

ದಿನಕ್ಕೆ ಕನಿಷ್ಠ ಮೂರು ಬಾರಿ ಮೊಟ್ಟೆ ಹೊರಳಿಸುವುದು 18ನೇ ದಿನದವರೆಗೆ ಮಾತ್ರ. ಕರೆಂಟು ಹೋದರೆ ಗಾಬರಿ ಬೇಡ. ಪೆಟ್ಟಿಗೆಗೆ ಕಂಬಳಿ ಹೊದಿಸಿದರೆ ಒಂದೆರಡು ಗಂಟೆ ತೊಂದರೆಯಿಲ್ಲ. ತಣಿಯುವುದಕ್ಕಿಂತ ಅತಿಕಾವೇ ಬೇಗ ಕೊಲ್ಲುತ್ತದೆ. ಕೊನೆಯ ಮೂರು ದಿನ ತೇವವನ್ನು ಶೇ. 65ರಿಂದ 70ಕ್ಕೆ ಏರಿಸಿ ಬಾಗಿಲು ಮುಚ್ಚಿಡಬೇಕು. 21ನೇ ದಿನ ಒಳಗಿಂದ ಚಿಲಿಪಿಲಿ ಕೇಳಿದಾಗ ಮಕ್ಕಳನ್ನು ತಡೆಯುವುದು ಕಷ್ಟವೇ. ಆದರೂ ಮರಿಗಳ ಪುಕ್ಕ ಒಣಗುವವರೆಗೆ ಬಾಗಿಲು ತೆಗೆಯಬಾರದು.