ಗಾಳಿಯಂತ್ರವೂ ರೇಡಾರಿನ ಕಣ್ಣೂ

ಕಾಚಿಗೂಡದಿಂದ ಯಶವಂತಪುರಕ್ಕೆ ಹೋಗುವ ಹಗಲು ಗಾಡಿಯಲ್ಲಿ ಕುಳಿತ ವಾಚಕರು ಅನಂತಪುರ ಸೀಮೆಯ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ಕಂಡಿರಬಹುದು. ರಾತ್ರಿ ಗಾಡಿಯವರಿಗೆ ಆ ಭಾಗ್ಯವಿಲ್ಲ. ರಜೆ ದೊರೆತ ನೆಮ್ಮದಿಯಲ್ಲಿ ಅವರು ಗಾಢನಿದ್ರೆಯಲ್ಲಿರುತ್ತಾರೆ. ಕಲ್ಲಿದ್ದಲಿಲ್ಲದೆ, ಹೊಗೆಯಿಲ್ಲದೆ ವಿದ್ಯುತ್ತನ್ನು ಕೊಡುವ ಈ ಯಂತ್ರಗಳು ನೆರೆಯಲ್ಲಿರುವ ರೇಡಾರನ್ನು ಮೋಸಗೊಳಿಸುತ್ತವೆಂದರೆ ಹಲವರು ನಂಬಲಾರರು.

ರೇಡಾರೆಂದರೆ ಬಾವಿಗೆ ಬಾಗಿ ಕೂಗಿ ಮರುದನಿಯನ್ನು ಆಲಿಸಿದಂತೆ. ರೇಡಿಯೋ ಅಲೆಯನ್ನು ಎಸೆದು, ಅದು ತಾಗಿ ಹಿಂದಿರುಗುವ ಹೊತ್ತಿನಿಂದ ವಸ್ತುವಿನ ದೂರವನ್ನು ಅಳೆಯುತ್ತದೆ. ಆದರೆ ಗುಡ್ಡ, ಕಟ್ಟಡಗಳೂ ಮರುದನಿ ಕೊಡುತ್ತವಷ್ಟೆ. ಅವುಗಳನ್ನು ತಳ್ಳಿಹಾಕಿ ಚಲಿಸುವುದನ್ನಷ್ಟೇ ಆರಿಸಿಕೊಳ್ಳುವ ಉಪಾಯವೊಂದುಂಟು. ನಿಲ್ಲದೆ ಓಡುವ ಗಾಡಿಯ ಸೀಟಿ ನಮ್ಮೆಡೆಗೆ ಬರುವಾಗ ಏರಿದ ಶ್ರುತಿಯಲ್ಲಿಯೂ, ದಾಟಿದೊಡನೆ ಇಳಿದ ಶ್ರುತಿಯಲ್ಲಿಯೂ ಕೇಳುವುದಿಲ್ಲವೆ? ಅಲೆಗಳಲ್ಲಿ ಆಗುವ ಅಂತಹುದೇ ವ್ಯತ್ಯಾಸವನ್ನು ಡಾಪ್ಲರ್ ರೇಡಾರು ಗುರುತಿಸುತ್ತದೆ.

ತೊಡಕಿರುವುದು ಇಲ್ಲಿಯೇ. ಗಾಳಿಯಂತ್ರದ ಗೋಪುರ ಕದಲದು. ಆದರೆ ರೆಕ್ಕೆಯ ತುದಿ ಗಂಟೆಗೆ ಸುಮಾರು 300 ಕಿಲೋಮೀಟರಿನವರೆಗಿನ ವೇಗದಲ್ಲಿ ಸುತ್ತಬಲ್ಲುದು. ಅದು ಸಣ್ಣ ವಿಮಾನದ ವೇಗ! ರೇಡಾರಿನ ತೆರೆಯ ಮೇಲೆ ಇಲ್ಲದ ವಿಮಾನಗಳು ಮಿನುಗುತ್ತವೆ, ಮಾಯವಾಗುತ್ತವೆ. ಆ ಪ್ರದೇಶವನ್ನೇ ಅಳಿಸಿಬಿಡೋಣವೆಂದರೆ ಅಲ್ಲಿ ಹಾರುವ ನಿಜವಾದ ವಿಮಾನವೂ ಅಳಿಸಿಹೋದೀತು. ನಮ್ಮ ಬೇಗಂಪೇಟೆಯಲ್ಲಿರುವಂತಹ ಹವಾಮಾನ ರೇಡಾರುಗಳಿಗೂ ಇದೇ ಕಾಟ: ಹತ್ತಿರದಲ್ಲಿ ಗಾಳಿಯಂತ್ರಗಳಿದ್ದರೆ ತಿಳಿಯಾದ ಆಕಾಶದಲ್ಲಿ ಮಳೆ ಕಾಣುತ್ತದೆ. ಹುಸಿ ಮಳೆಯನ್ನು ಸೋಸಲು ಹೋದರೆ ನಿಜವಾದ ಮಳೆಯೂ ಜೊತೆಯಲ್ಲಿ ಹೋಗುವ ಭಯವಿದೆ.

ಇದು ಬರಿಯ ಯಂತ್ರಜ್ಞರ ಚರ್ಚೆಯಲ್ಲ. 2024ರ ನವೆಂಬರಿನಲ್ಲಿ ಸ್ವೀಡನ್ ಸರ್ಕಾರವು ಬಾಲ್ಟಿಕ್ ಸಮುದ್ರದ 13 ಗಾಳಿವಿದ್ಯುತ್ ಯೋಜನೆಗಳನ್ನು ನಿರಾಕರಿಸಿತು. ಶತ್ರುವಿನ ಕ್ಷಿಪಣಿಗಳನ್ನು ಸಕಾಲದಲ್ಲಿ ಗುರುತಿಸುವುದು ಕಷ್ಟವಾದೀತೆಂಬುದು ಅದರ ಕಾರಣ.

ಏನನ್ನೂ ಎಸೆಯದೆ ಕೇವಲ ಆಲಿಸುವ ಕೇಂದ್ರಗಳ ಪಾಡು ಬೇರೆ. ನಮ್ಮ ಇದೇ ರೈಲುದಾರಿಯಲ್ಲಿ, ಹಿಂದೂಪುರದಾಚೆಗೆ, ಗೌರಿಬಿದನೂರಿನ ಹತ್ತಿರ ಅಂತಹುದೊಂದಿದೆ. 1976ರ ಸುಮಾರಿಗೆ ರಾಮನ್ ಸಂಶೋಧನಾ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಕೂಡಿ ಅಲ್ಲಿ ಸಾವಿರ ಆಂಟೆನಾಗಳ ರೇಡಿಯೋ ದೂರದರ್ಶಕವನ್ನು ಸ್ಥಾಪಿಸಿದವು. ಅದರ ಪೂರ್ವಪಶ್ಚಿಮದ ತೋಳೇ 1.4 ಕಿಲೋಮೀಟರು. ಸೂರ್ಯನಿಂದಲೂ ದೂರದ ಗಗನದಿಂದಲೂ ಬರುವ ಕ್ಷೀಣ ಅಲೆಗಳನ್ನು ಆಲಿಸುವವರಿಗೆ ಗಾಳಿಯಂತ್ರದೊಳಗಿನ ವಿದ್ಯುತ್ ಸಲಕರಣೆಗಳಿಂದ ಸೋರುವ ಗದ್ದಲವೂ, ಅದರ ರೆಕ್ಕೆಗೆ ತಾಗಿ ಬರುವ ಪರರ ಪ್ರಸಾರವೂ ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಳ್ಳುವ ಸಂಕಟವನ್ನು ತಂದೊಡ್ಡುತ್ತವೆ.

ನೆದರ್ಲೆಂಡ್ಸಿನಲ್ಲಿ ಇದೇ ಬಗೆಯ ಲೋಫಾರ್ ದೂರದರ್ಶಕದ ಬಳಿ ಗಾಳಿಯಂತ್ರಗಳನ್ನು ನೆಡಲು ಹೊರಟಾಗ, 2016ರಲ್ಲಿ ಒಡಂಬಡಿಕೆಯಾಯಿತು. ಯಂತ್ರಗಳ ರೇಡಿಯೋ ಗದ್ದಲವು ನಿಯಮದ ಮಿತಿಗಿಂತ 35 ಡೆಸಿಬೆಲ್, ಎಂದರೆ ಮೂರು ಸಾವಿರ ಪಾಲಿಗೂ ಮಿಗಿಲಾಗಿ, ತಗ್ಗಿರಬೇಕೆಂದು ಕರಾರು! ಕಂಪನಿಯವರು ಗೊಣಗಿರಲಾರರೆಂದು ನಾವು ಹೇಳುವುದಿಲ್ಲ. ಆದರೂ ಯಂತ್ರಗಳು ಎದ್ದವು, ದೂರದರ್ಶಕವೂ ಉಳಿಯಿತು. ಅನಂತಪುರದ ಗುಡ್ಡಗಳಿಂದ ದಕ್ಷಿಣಕ್ಕೆ ಗಾಳಿಯಂತ್ರಗಳ ಸಾಲು ಮುಂದುವರಿಯುವುದಾದರೆ, ಅಡಿಪಾಯದ ಗುಂಡಿ ತೋಡುವ ಮೊದಲೇ ಗೌರಿಬಿದನೂರಿನ ವಿಜ್ಞಾನಿಗಳನ್ನು ಮಾತಿಗೆ ಕರೆಯಬೇಕೆಂಬುದು ನಮ್ಮ ಅಭಿಪ್ರಾಯ.